ಫೈಲು ಯಾರ ಟೇಬಲ್ಲಿನ ಮೇಲಿದೆ?

ಕೆನಡಾದ ಪೌರತ್ವಕ್ಕೆ ನಾವು ಅರ್ಜಿ ಹಾಕಿದ್ದು 2020ರ ಡಿಸೆಂಬರಿನಲ್ಲಿ. ಪ್ರಮಾಣವಚನ ಸ್ವೀಕರಿಸಿದ್ದು 2023ರ ಜೂನ್‌ನಲ್ಲಿ. ಇಂಥ ಅರ್ಜಿಗಳನ್ನು ಹನ್ನೆರಡು ತಿಂಗಳೊಳಗೆ ಇತ್ಯರ್ಥ ಮಾಡಬೇಕೆಂಬುದು ಅಲ್ಲಿನ ಇಲಾಖೆ ತಾನೇ ಹಾಕಿಕೊಂಡಿರುವ ಗುರಿ. ಕೋವಿಡ್ ಕಾಲದಲ್ಲಿ ಆ ಗುರಿ ಬಹಳ ಜನರ ಪಾಲಿಗೆ ತಪ್ಪಿತು. 2020ರ ಮಾರ್ಚ್‌ನಲ್ಲಿ ಪೌರತ್ವದ ಪರೀಕ್ಷೆಗಳೂ ಸಮಾರಂಭಗಳೂ ಒಮ್ಮೆಗೇ ನಿಂತು, ಆಮೇಲೆ ಒಂದೊಂದಾಗಿ ಕಂಪ್ಯೂಟರ್ ಪರದೆಯ ಮೇಲೆ ಮತ್ತೆ ಆರಂಭವಾದವು. ಅಷ್ಟರ ಮಟ್ಟಿಗಿನ ತಡಕ್ಕೆ ನಾವು ಮೊದಲೇ ಮನಸ್ಸು ಸಿದ್ಧಪಡಿಸಿಕೊಂಡಿದ್ದೆವು. ನಾವು ಅರ್ಥ ಮಾಡಿಕೊಳ್ಳಲು ಒದ್ದಾಡಿದ್ದು ಬೇರೆಯದನ್ನು. ಹೆಚ್ಚುಕಡಿಮೆ ನಮ್ಮ ಜೊತೆಗೇ ಲಕೋಟೆ ಕಳಿಸಿದ ಪಕ್ಕದ ಬೀದಿಯ ಪಂಜಾಬಿ ಕುಟುಂಬ ನಮಗಿಂತ ವರ್ಷಕ್ಕೂ ಮೊದಲೇ ಲಡ್ಡು ಹಂಚಿತು. ಅವರದೂ ನಮ್ಮದೂ ಒಂದೇ ಊರು, ಒಂದೇ ಬಗೆಯ ಕಾಗದಗಳು. ಹಾಗಿದ್ದರೆ ನಮ್ಮ ಅರ್ಜಿ ಎಲ್ಲಿ ಸಿಕ್ಕಿಕೊಂಡಿತ್ತು?

ನಾವು 2017ರ ಏಪ್ರಿಲ್‌ನಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಶಿಫಾರಸಿನ ಮೇಲೆ ವಿನ್ನಿಪೆಗ್‌ಗೆ ಬಂದವರು. ನಾನು, ನನ್ನ ಹೆಂಡತಿ, ಆಗ ಎಂಟು ವರ್ಷದವಳಾಗಿದ್ದ ಮಗಳು. ಮರುವರ್ಷ ಅಲ್ಲಿಯೇ ಮಗ ಹುಟ್ಟಿದ. ಕೆನಡಾದ ನೆಲದಲ್ಲಿ ಹುಟ್ಟಿದ್ದರಿಂದ ಅವನು ಹುಟ್ಟಿದ ದಿನದಿಂದಲೇ ಅಲ್ಲಿನ ಪ್ರಜೆ. ಅರ್ಜಿ, ಶುಲ್ಕ, ಪರೀಕ್ಷೆ ಯಾವುದೂ ಇಲ್ಲದೆ ಮನೆಯಲ್ಲಿ ಪೌರತ್ವ ಗಿಟ್ಟಿಸಿಕೊಂಡವನು ಅವನೊಬ್ಬನೇ. ಉಳಿದ ಮೂವರದು ಕುಟುಂಬದ ಅರ್ಜಿ: ಮೂರು ಅರ್ಜಿಗಳು, ಒಂದೇ ಲಕೋಟೆ.

ಅರ್ಜಿಯ ತಿರುಳು ದಿನಗಳ ಲೆಕ್ಕ. ಸಹಿ ಹಾಕುವ ದಿನದ ಹಿಂದಿನ ಐದು ವರ್ಷಗಳಲ್ಲಿ 1095 ದಿನ ದೇಶದೊಳಗೆ ಇದ್ದಿರಬೇಕು. 2017ರ ಅಕ್ಟೋಬರ್ 11ಕ್ಕೆ ಮೊದಲು ಇದು ಆರು ವರ್ಷಗಳಲ್ಲಿ 1460 ದಿನ ಇತ್ತು. ನಾವು ಬಂದ ವರ್ಷವೇ ಸಡಿಲವಾಯಿತು. ಹೊರಗೆ ಹೋದ ಪ್ರತಿಯೊಂದು ಪ್ರವಾಸವನ್ನೂ ದಿನಾಂಕ ಸಮೇತ ಬರೆಯಬೇಕು. ಹೆಂಡತಿ ಮತ್ತು ಮಗಳ ಪಟ್ಟಿ ಚಿಕ್ಕದು. ತಿಪಟೂರಿಗೆ ಹೋದದ್ದು, ಬಂದದ್ದು, ಅಷ್ಟೆ. ನನ್ನದು ಕೆಲಸದ ಮೇಲೆ ಆಗಾಗ ಗಡಿ ದಾಟಿ ಮಿನಿಯಾಪೊಲಿಸ್‌ಗೆ ಕಾರಿನಲ್ಲಿ ಹೋಗಿಬರುವ ಪಾಡು. ಹೊರಟ ದಿನವೂ ಮರಳಿದ ದಿನವೂ ಇದ್ದ ದಿನಗಳೆಂದೇ ಲೆಕ್ಕ, ನಡುವಿನವು ಮಾತ್ರ ಕಳೆಯಬೇಕು ಎಂಬ ನಿಯಮ ನಮಗೆ ಅನುಕೂಲವಾಯಿತು. ಪೆಟ್ರೋಲ್ ರಸೀದಿ, ಹೋಟೆಲ್ ಬಿಲ್ಲು ಎಲ್ಲವನ್ನೂ ಹರವಿಕೊಂಡು ಕುಳಿತಿದ್ದೆ. ಅಮೆರಿಕ ಮತ್ತು ಕೆನಡಾ ಗಡಿ ದಾಟಿದವರ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಅಂದಾಜಿನ ಮೇಲೆ ಬರೆದು ಪಾರಾಗುವ ಕಾಲ ಹೋಯಿತು. 1095ನೆಯ ದಿನಕ್ಕೇ ಸಹಿ ಹಾಕದೆ ಹಲವು ವಾರಗಳ ಅಂತರ ಇಟ್ಟುಕೊಂಡೇ ಕಳಿಸಿದೆವು. ದಿನಗಳ ವಿಷಯದಲ್ಲಿ ಕೊನೆಯವರೆಗೂ ಯಾರೂ ನಮ್ಮನ್ನು ಒಂದು ಪ್ರಶ್ನೆ ಕೇಳಲಿಲ್ಲ.

ಆಗ ಕುಟುಂಬದ ಅರ್ಜಿಗಳು ಕಾಗದದ ಮೇಲೆಯೇ ಹೋಗಬೇಕಿತ್ತು. ವಿಳಾಸ ನೋವಾ ಸ್ಕಾಟಿಯಾದ ಸಿಡ್ನಿ ಎಂಬ ಪುಟ್ಟ ಊರು. ಫೋನಿನಲ್ಲಿ ಹೇಳಿದಾಗ ನಮ್ಮ ಮಾವ, “ಕೆನಡಾದ ಅರ್ಜಿಯನ್ನು ಆಸ್ಟ್ರೇಲಿಯಾಕ್ಕೆ ಏಕೆ ಕಳಿಸಿದಿರಿ?” ಎಂದು ಗಾಬರಿಯಾಗಿದ್ದರು. ದೊಡ್ಡವರಿಗೆ ತಲಾ 630 ಡಾಲರ್, ಮಗಳಿಗೆ 100 ಡಾಲರ್. ಹಣ ಕೂಡಲೇ ಕಡಿತವಾಯಿತು. ಅರ್ಜಿ ತಲುಪಿತು ಎಂಬ ಪತ್ರ ಬಂದದ್ದು ಮರುವರ್ಷದ ಬೇಸಿಗೆಯಲ್ಲಿ.

ಅದೇ ಹೊತ್ತಿಗೆ ಇಲಾಖೆ ಜಾಲತಾಣದಲ್ಲಿ ಒಂದು ಟ್ರ್ಯಾಕರ್ ತೆರೆದಿತ್ತು. ಅದರಲ್ಲಿ ಅರ್ಜಿಯನ್ನು ಭಾಗ ಮಾಡಿ ತೋರಿಸುತ್ತಾರೆ: ಭಾಷೆ, ವಾಸದ ದಿನಗಳು, ನಿಷೇಧಗಳು, ಹಿನ್ನೆಲೆ ಪರಿಶೀಲನೆ, ಪರೀಕ್ಷೆ, ಸಮಾರಂಭ. ಒಂದೊಂದರ ಎದುರೂ ‘ನಡೆಯುತ್ತಿದೆ’ ಅಥವಾ ‘ಮುಗಿದಿದೆ’. ಈ ಟ್ರ್ಯಾಕರನ್ನು ನೋಡುವ ಚಟ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ಬೆಳಗ್ಗೆ ಕಾಫಿಗೆ ನೀರಿಟ್ಟು ಒಮ್ಮೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ. ನನ್ನ ಹೆಂಡತಿ ಅದನ್ನು “ನಿಮ್ಮ ಸಂಧ್ಯಾವಂದನೆ” ಎಂದು ಕರೆಯುತ್ತಿದ್ದಳು.

ಪರೀಕ್ಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲರೂ ಹೆದರುವುದು ಅದಕ್ಕೆ, ನಿಜವಾಗಿ ಅತ್ಯಂತ ಸುಲಭವಾದದ್ದೂ ಅದೇ. 18ರಿಂದ 54 ವರ್ಷದವರಿಗೆ ಮಾತ್ರ. ಇಪ್ಪತ್ತು ಪ್ರಶ್ನೆ, ಹದಿನೈದು ಸರಿಯಾಗಬೇಕು. ಇಲಾಖೆ ಉಚಿತವಾಗಿ ಕೊಡುವ ಪುಸ್ತಿಕೆಯ ಆಚೆಗೆ ಏನನ್ನೂ ಕೇಳುವುದಿಲ್ಲ. 2022ರ ಆರಂಭದಲ್ಲಿ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಬರೆದೆವು. ಮಗಳು ವಾರವಿಡೀ ನಮ್ಮನ್ನು ಪ್ರಶ್ನೆ ಕೇಳುತ್ತಾ ಓಡಾಡಿದಳು. ಒಕ್ಕೂಟ ಆದದ್ದು ಯಾವಾಗ? 1867. ನೂನಾವುಟ್ ಪ್ರದೇಶ ಹುಟ್ಟಿದ್ದು? 1999. ಇನ್ಸುಲಿನ್ ಕಂಡುಹಿಡಿದವರು? ಬ್ಯಾಂಟಿಂಗ್ ಮತ್ತು ಬೆಸ್ಟ್. ಹೆಂಡತಿಗೆ ನನಗಿಂತ ಹೆಚ್ಚು ಅಂಕ ಬಂತು. ಅದನ್ನು ಇಂದಿಗೂ ಸಮಯ ಸಿಕ್ಕಾಗಲೆಲ್ಲ ನೆನಪಿಸುತ್ತಾಳೆ.

ಇನ್ನೇನು ಪ್ರಮಾಣವಚನ ಎಂದುಕೊಂಡೆವು. ನನ್ನ ಮತ್ತು ಮಗಳ ಎದುರಿನ ಭಾಗಗಳೆಲ್ಲ ‘ಮುಗಿದಿದೆ’ ಎಂದಾದವು. ಹೆಂಡತಿಯದರಲ್ಲಿ ಹಿನ್ನೆಲೆ ಪರಿಶೀಲನೆ ಮಾತ್ರ ‘ನಡೆಯುತ್ತಿದೆ’. ಅಲ್ಲಿಗೆ ನಿಂತದ್ದು ನಿಂತೇ ಬಿಟ್ಟಿತು. ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಿತ್ತು. ಸಂಗೀತ ಮುಗಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಜಾಲತಾಣದ ನಮೂನೆಯಲ್ಲಿ “ಯಾವಾಗ ಮುಗಿಯಬಹುದು?” ಎಂದು ಬರೆದರೆ, “ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ, ತಾಳ್ಮೆಗೆ ಧನ್ಯವಾದ” ಎಂಬ ಉತ್ತರ. ಆ ಉತ್ತರ ಬರೆಯುವವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರ ಮುಂದಿನ ಪರದೆಯಲ್ಲೂ ನನ್ನ ಪರದೆಯಲ್ಲಿ ಕಾಣುವಷ್ಟೇ ಕಾಣುತ್ತಿತ್ತೇನೋ. ಸಿಟ್ಟು ಬರುತ್ತಿದ್ದದ್ದು ನಾವು ಮಾಡದ ತಾಳ್ಮೆಗೆ ಧನ್ಯವಾದ ಹೇಳಿಸಿಕೊಳ್ಳಬೇಕಾಗಿದ್ದಕ್ಕೆ.

2022ರ ಮೇ ತಿಂಗಳಲ್ಲಿ ಮಾವನವರಿಗೆ ಎದೆನೋವು ಬಂದು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಹೊರಡಲೇಬೇಕು. ಆಗ ಎದ್ದ ತೊಡಕು ಪಿಆರ್ ಕಾರ್ಡಿನದು. ಕಾಯಂ ನಿವಾಸಿಗಳಿಗೆ ಕೊಡುವ ಈ ಕಾರ್ಡಿನ ಆಯಸ್ಸು ಐದು ವರ್ಷ. ನಮ್ಮವು ಮುಗಿಯುವುದು ಜುಲೈನಲ್ಲಿ. ಕಾರ್ಡ್ ಮುಗಿದರೆ ನಿವಾಸಿಯ ಹಕ್ಕೇನೂ ಹೋಗುವುದಿಲ್ಲ, ಆದರೆ ಭಾರತದಿಂದ ಕೆನಡಾದ ವಿಮಾನ ಹತ್ತಲು ಬಿಡುವುದಿಲ್ಲ. ಅರ್ಜಿ ಹಾಕಿ ಪ್ರಯಾಣದ ಬೇರೊಂದು ದಾಖಲೆ ಪಡೆಯಬೇಕು. ಪೌರತ್ವ ಇವತ್ತು ನಾಳೆ ಬಂದೇಬಿಡುತ್ತದೆ ಎಂಬ ಲೆಕ್ಕದಲ್ಲಿ ಅನೇಕರು ಕಾರ್ಡ್ ನವೀಕರಿಸದೆ ಬಿಡುತ್ತಾರೆ. ಕಾಯುವ ಅರ್ಜಿ ನಿಜವಾಗಿ ಕಚ್ಚುವುದು ಇಂಥ ಕಡೆಗಳಲ್ಲಿ. ಅರ್ಜಿ ತಾನಾಗಿ ನಮಗೇನೂ ಮಾಡುವುದಿಲ್ಲ. ಅದರ ಸುತ್ತಲಿನ ಪಾಸ್‌ಪೋರ್ಟ್, ಕಾರ್ಡ್, ವೀಸಾಗಳ ಗಡುವುಗಳು ಒಂದೊಂದಾಗಿ ಮುಗಿಯುತ್ತಾ ಬರುತ್ತವೆ.

ಹೆಂಡತಿ ಮಗನನ್ನು ಕರೆದುಕೊಂಡು ಹೊರಟಳು. ಜುಲೈಗೆ ಮೊದಲು ಬಂದುಬಿಡುವ ಟಿಕೆಟ್. ಅವಳು ತಿಪಟೂರು ತಲುಪಿ ಎರಡನೆಯ ವಾರಕ್ಕೆ ಇಲಾಖೆಯಿಂದ ಈಮೇಲ್ ಬಂತು: ಬೆರಳಚ್ಚು ಕೊಡಿ, ಮೂವತ್ತು ದಿನಗಳೊಳಗೆ. ಅಷ್ಟು ತಿಂಗಳು ಉಸಿರೆತ್ತದವರು ಈಗ ನಮಗೆ ಗಡುವು ಕೊಟ್ಟಿದ್ದರು.

ಅವಳಿಗೇ ಏಕೆ, ನನಗೇಕಿಲ್ಲ? ಪತ್ರದಲ್ಲಿ ಕಾರಣ ಇರಲಿಲ್ಲ. ಆದರೆ ಈ ಬಗೆಯ ಬೆರಳಚ್ಚು ಕೇಳುವುದು ಸಾಮಾನ್ಯವಾಗಿ ಹೆಸರು ಮತ್ತು ಹುಟ್ಟಿದ ದಿನಾಂಕ ಪೊಲೀಸ್ ದಾಖಲೆಯ ಇನ್ಯಾರದೋ ವಿವರದೊಂದಿಗೆ ಹತ್ತಿರ ಬಂದಾಗ. ಹಾಗೆ ಯೋಚಿಸಿದರೆ ನನ್ನ ಹೆಂಡತಿ ಅದಕ್ಕೆಂದೇ ಹುಟ್ಟಿದವಳು. ಅವಳ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಮನೆತನದ ಹೆಸರಿನ ಜಾಗ ಖಾಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್. ಪದವಿ ಪ್ರಮಾಣಪತ್ರದಲ್ಲಿ ಆ ಇನಿಷಿಯಲ್‌ಗಳು ಹಿಗ್ಗಿ ತಂದೆಯ ಪೂರ್ತಿ ಹೆಸರಾಗಿವೆ. ಕೆನಡಾದವರು ಒಂಟಿ ಹೆಸರನ್ನು ಮನೆತನದ ಹೆಸರಿನ ಕಾಲಂಗೆ ಹಾಕಿ, ಕೊಟ್ಟ ಹೆಸರಿನ ಕಾಲಂ ಖಾಲಿ ಬಿಟ್ಟರು. ಬ್ಯಾಂಕಿನ ಕಂಪ್ಯೂಟರ್ ಖಾಲಿ ಬಿಡಲು ಒಪ್ಪದೆ ಅದೇ ಹೆಸರನ್ನು ಎರಡು ಸಲ ಬರೆಯಿತು. ಇವೆಲ್ಲವನ್ನೂ ಅರ್ಜಿಯಲ್ಲಿ ‘ಬಳಸಿದ ಇತರ ಹೆಸರುಗಳು’ ಎಂಬಲ್ಲಿ ಬರೆದಿದ್ದೆವು. ಸಾಲದ್ದಕ್ಕೆ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಇಡೀ ತಲೆಮಾರು ಜೂನ್ ಒಂದರಂದೇ ಹುಟ್ಟಿದೆ. ಅತ್ತೆಯವರ ಪ್ರಕಾರ ಅವಳು ಹುಟ್ಟಿದ್ದು ಶ್ರಾವಣದಲ್ಲಿ. ಇದನ್ನು ಒಟ್ಟಾವಾದಲ್ಲಿ ಕುಳಿತ ಅಧಿಕಾರಿಗೆ ವಿವರಿಸುವುದು ಹೇಗೆ?

ಹೊರದೇಶದಲ್ಲಿದ್ದರೆ ಶಾಯಿಯಲ್ಲಿ ಬೆರಳಚ್ಚು ಒತ್ತಿಸಿ, ಆ ಹಾಳೆಯನ್ನು ಕೆನಡಾದ ಅಧಿಕೃತ ಸಂಸ್ಥೆಯೊಂದಕ್ಕೆ ಕಳಿಸಿ, ಅವರು ಅದನ್ನು ಕಂಪ್ಯೂಟರಿಗೆ ಏರಿಸಿ ಪೊಲೀಸರಿಗೆ ರವಾನಿಸುವ ದಾರಿಯಿದೆ. ಮಸುಕಾದರೆ ಮತ್ತೆ ಮೊದಲಿನಿಂದ. ಅದರ ಬದಲು ಆಸ್ಪತ್ರೆಯ ಕಾಗದ, ವಿಮಾನದ ಟಿಕೆಟ್ ಲಗತ್ತಿಸಿ, ಇಂಥ ದಿನ ಮರಳುತ್ತಾಳೆ, ಅಲ್ಲಿಯವರೆಗೆ ಸಮಯ ಕೊಡಿ ಎಂದು ಬರೆದೆವು. ಉತ್ತರ ಬರಲಿಲ್ಲ, ಆದರೆ ಅರ್ಜಿಯನ್ನು ಕೈಬಿಟ್ಟಿದ್ದೇವೆ ಎಂಬ ಪತ್ರವೂ ಬರಲಿಲ್ಲ. ಕಾರ್ಡ್ ಮುಗಿಯುವ ಕೆಲವೇ ದಿನ ಮೊದಲು ಅವಳು ವಾಪಸಾದಳು. ವಿನ್ನಿಪೆಗ್‌ನ ಅಂಗಡಿಸಾಲೊಂದರ ಪುಟ್ಟ ಕೋಣೆಯಲ್ಲಿ, ಗಾಜಿನ ಮೇಲೆ ಬೆರಳಿಟ್ಟು, ಚಹಾ ಆರುವಷ್ಟರಲ್ಲಿ ಆ ಕೆಲಸ ಮುಗಿಯಿತು.

ಇದರ ನಡುವೆ, ಅವಳು ಇನ್ನೂ ಊರಿನಲ್ಲಿದ್ದಾಗ, ಮಾವ ಹಾಸಿಗೆಯಲ್ಲಿ ದಿಂಬಿಗೊರಗಿ ಕುಳಿತು ವೀಡಿಯೊ ಕರೆಯಲ್ಲಿ ನನ್ನೊಂದಿಗೆ ಮಾತನಾಡಿದರು. ತೆಂಗಿನ ತೋಟದ ಪೋಡಿ ವಿವಾದಕ್ಕಾಗಿ ವರ್ಷಗಟ್ಟಲೆ ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ಅವರು.

“ಅಳಿಯಂದಿರೇ, ನೀವು ಅವರನ್ನು ಏನೆಂದು ಕೇಳುತ್ತಿದ್ದೀರಿ?”

“ಯಾವಾಗ ಆಗುತ್ತದೆ ಎಂದು.”

“ಅದನ್ನು ಕೇಳಬಾರದು. ಯಾವಾಗ ಎಂದು ಕೇಳಿದರೆ ‘ಆಗುತ್ತದೆ, ಹೋಗಿ’ ಎನ್ನುತ್ತಾರೆ. ಫೈಲು ಯಾರ ಟೇಬಲ್ಲಿನ ಮೇಲಿದೆ, ಏನು ಬಾಕಿಯಿದೆ ಎಂದು ಕೇಳಿ. ಆಗ ಅವರು ಎದ್ದು ಹೋಗಿ ನೋಡಲೇಬೇಕಾಗುತ್ತದೆ.”

ವಿನ್ನಿಪೆಗ್‌ನಲ್ಲಿ ನನಗೆ ಇಷ್ಟು ಕೆಲಸಕ್ಕೆ ಬರುವ ಸಲಹೆಯನ್ನು ಬೇರೆ ಯಾರೂ ಕೊಟ್ಟಿರಲಿಲ್ಲ.

ಕೆನಡಾದಲ್ಲಿ ಟೇಬಲ್ಲಿನ ಬಳಿ ಹೋಗುವಂತಿಲ್ಲ. ಅದಕ್ಕಿರುವ ದಾರಿ ಅಲ್ಲಿನ ಮಾಹಿತಿ ಹಕ್ಕು. ನಮ್ಮಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕುವಂತೆ, ಅಲ್ಲಿ ಐದು ಡಾಲರ್. ನಮ್ಮ ಅರ್ಜಿಯ ಮೇಲೆ ಅಧಿಕಾರಿಗಳು ಕಂಪ್ಯೂಟರಿನಲ್ಲಿ ಬರೆದ ಟಿಪ್ಪಣಿಗಳ ಪ್ರತಿ ಕೇಳಬಹುದು. ವಲಸಿಗರೆಲ್ಲ ಇದನ್ನು ‘ಜಿಸಿಎಂಎಸ್ ನೋಟ್ಸ್’ ಎನ್ನುತ್ತಾರೆ. ಕಾನೂನಿನ ಪ್ರಕಾರ ಮೂವತ್ತು ದಿನದಲ್ಲಿ ಕೊಡಬೇಕು. ನಮಗೆ ಅದಕ್ಕಿಂತ ತಡವಾಗಿ ಬಂತು. ಮಾಹಿತಿ ಕೇಳುವ ಅರ್ಜಿಯೂ ತಡವಾದಾಗ ನನ್ನ ಹೆಂಡತಿ ನಕ್ಕದ್ದು ನೆನಪಿದೆ. ನಾನೂ ಅವಳೂ ಬೇರೆ ಬೇರೆಯಾಗಿ ಕೇಳಿದ್ದೆವು. ಇದು ಮುಖ್ಯ. ಕುಟುಂಬದ ಅರ್ಜಿ ಎಂದರೂ ಪ್ರತಿಯೊಬ್ಬರ ಕಡತ ಪ್ರತ್ಯೇಕ. ಒಬ್ಬರ ಟಿಪ್ಪಣಿಯಿಂದ ಇನ್ನೊಬ್ಬರದು ತಿಳಿಯುವುದಿಲ್ಲ.

ಹತ್ತಾರು ಪುಟಗಳು. ಅರ್ಧ ಸಂಕೇತಾಕ್ಷರ, ಭದ್ರತಾ ತನಿಖೆಯ ಭಾಗದಲ್ಲಿ ಬರೀ ಖಾಲಿ ಪಟ್ಟಿ. ಆದರೂ ಒಂದು ಭಾನುವಾರ ಊಟದ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಾಂಕಗಳನ್ನು ಮಾತ್ರ ಓದುತ್ತಾ ಹೋದಾಗ ವಿಷಯ ಬೆಳಕಿಗೆ ಬಂತು. ಹೆಂಡತಿಯ ಬೆರಳಚ್ಚಿನ ಫಲಿತಾಂಶ ಬಂದು ಸೇರಿತ್ತು. ಆಕ್ಷೇಪಣೆ ಏನೂ ಇಲ್ಲ. ಆದರೆ ಅದನ್ನು ನೋಡಿ ‘ಸರಿ’ ಎಂದು ಗುರುತು ಹಾಕಬೇಕಾದ ಅಧಿಕಾರಿಯ ಸರದಿಗೆ ಅದು ಇನ್ನೂ ಬಂದಿರಲಿಲ್ಲ. ಅದಕ್ಕಿಂತ ಸೊಗಸಾದದ್ದು ನನ್ನ ಕಡತದಲ್ಲಿತ್ತು. 2021ರಲ್ಲಿ ಆಗಿದ್ದ ನನ್ನ ಅಪರಾಧ ಹಿನ್ನೆಲೆಯ ಪರಿಶೀಲನೆಗೆ ಒಂದು ಅವಧಿ ಇರುತ್ತದೆ. ಹೆಂಡತಿಯದು ಮುಗಿಯಲಿ ಎಂದು ಕಾಯುತ್ತಾ ಕಾಯುತ್ತಾ ನನ್ನದು ಹಳಸಿಹೋಗಿತ್ತು. ಅದನ್ನು ಮತ್ತೆ ಮಾಡಿಸಬೇಕು ಎಂಬ ಟಿಪ್ಪಣಿಯೇ ಅಲ್ಲಿರಲಿಲ್ಲ. ಟ್ರ್ಯಾಕರಿನಲ್ಲಿ ನನ್ನದು ‘ಮುಗಿದಿದೆ’ ಎಂದೇ ತೋರಿಸುತ್ತಿತ್ತು. ಅಂದರೆ ನಾಳೆ ಅವಳದು ಮುಗಿದರೂ ನನ್ನದಕ್ಕಾಗಿ ಕಾಯಬೇಕು. ನನ್ನದು ಮುಗಿಯುವಷ್ಟರಲ್ಲಿ ಅವಳದು ಹಳಸಿದರೆ ಮತ್ತೆ ಅವಳಿಗಾಗಿ. ಕುಟುಂಬವೆಂದು ಒಟ್ಟಿಗೆ ಕಟ್ಟಿದ ಗಂಟು ಇದು. ಇದರಲ್ಲಿ ಯಾರೊಬ್ಬರ ಕೆಟ್ಟ ಮನಸ್ಸೂ ಇರಲಿಲ್ಲ. ಒಬ್ಬ ಅಧಿಕಾರಿ ಒಬ್ಬರ ಕಡತ ನೋಡುತ್ತಾನೆ. ಮೂರನ್ನೂ ಒಟ್ಟಿಗೆ ನೋಡುವ ಕಣ್ಣು ಯಾರದೂ ಅಲ್ಲ.

ಅದೇ ಹೊತ್ತಿಗೆ ಮಗಳ ಶಾಲೆಯ ಬ್ಯಾಂಡಿನವರು ಮಿನಿಯಾಪೊಲಿಸ್‌ಗೆ ಹೊರಟರು. ಕೆನಡಾದ ಪಾಸ್‌ಪೋರ್ಟ್ ಇದ್ದ ಮಕ್ಕಳು ಬಸ್ ಹತ್ತಿದರೆ ಸಾಕು. ಭಾರತದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬೇಕು, ಅದರ ಸಂದರ್ಶನಕ್ಕೆ ಆಗ ತಿಂಗಳುಗಟ್ಟಲೆ ಕಾಯಬೇಕು. ಅವಳು ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು, “ಪರವಾಗಿಲ್ಲ ಅಪ್ಪ” ಎಂದಳು. ಈ ಎರಡೂವರೆ ವರ್ಷದಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಅಂದು ಮಾತ್ರ.

ಅರ್ಜಿ ಬೇರ್ಪಡಿಸಿ ಎಂದು ಮೊದಲು ಹೇಳಿದವಳು ಹೆಂಡತಿಯೇ. ಹಾಗೆ ಕೇಳಲು ಅವಕಾಶವಿದೆ. ಮಗುವಿನ ಅರ್ಜಿ ತಂದೆ ಅಥವಾ ತಾಯಿ, ಯಾರಾದರೊಬ್ಬರ ಜೊತೆಗಿದ್ದರೆ ಸಾಕು. ಅಂದರೆ ಮಗಳು ನನ್ನ ಜೊತೆ ಮುಂದೆ ಹೋಗಬಹುದು, ಅವಳೊಬ್ಬಳು ಹಿಂದೆ ಉಳಿಯಬೇಕು.

“ನೀವಿಬ್ಬರು ಮುಗಿಸಿಕೊಳ್ಳಿ. ನನ್ನದು ಬಂದಾಗ ಬರಲಿ. ನಾನೇನು ಓಡಿಹೋಗುತ್ತೇನೆಯೇ?”

“ಟಿಪ್ಪಣಿ ನೋಡಿದೆಯಲ್ಲ. ಈಗ ಹಿಂದೆ ಬಿದ್ದಿರುವುದು ನಾನು. ಬೇರ್ಪಡಿಸಿದರೆ ನೀನೇ ಮುಂದೆ ಹೋಗುತ್ತೀಯೆ.”

“ಹಾಗಾದರೆ ಇನ್ನೂ ಒಳ್ಳೆಯದೇ ಆಯಿತು,” ಎಂದಳು.

ಬೇರ್ಪಡಿಸಲಿಲ್ಲ. ಬೇರ್ಪಡಿಸುವ ಕೋರಿಕೆಯೇ ಇನ್ನೊಂದು ಸರದಿಯಲ್ಲಿ ನಿಲ್ಲುತ್ತದೆ ಎಂಬುದು ಒಂದು ಕಾರಣ. ಇಬ್ಬರದರಲ್ಲೂ ಬಾಕಿಯಿರುವುದು ಏನೆಂದು ಈಗ ಗೊತ್ತಿತ್ತು, ಅದನ್ನು ಬೆರಳಿಟ್ಟು ತೋರಿಸಬಹುದಿತ್ತು ಎಂಬುದು ಇನ್ನೊಂದು. ಎಲ್ಲರಿಗೂ ಇದೇ ಸರಿ ಎನ್ನಲಾರೆ. ಒಬ್ಬರ ಭದ್ರತಾ ತನಿಖೆ ನಿಜವಾಗಿಯೂ ಸಿಕ್ಕಿಕೊಂಡಿದ್ದರೆ ಉಳಿದವರು ಕಾಯುವುದರಲ್ಲಿ ಅರ್ಥವಿಲ್ಲ, ಬೇರ್ಪಡಿಸುವುದೇ ಮೇಲು.

ಮತ್ತೆ ನಮೂನೆಯಲ್ಲಿ ಬರೆದೆವು. ಈ ಸಲ ‘ಯಾವಾಗ’ ಎಂಬ ಮಾತೇ ಇಲ್ಲ. ಇಂಥ ದಿನ ಬೆರಳಚ್ಚಿನ ಫಲಿತಾಂಶ ಬಂದಿದೆ, ಪರಿಶೀಲನೆ ಬಾಕಿಯಿದೆ. ಇಂಥ ದಿನದ ಹಿನ್ನೆಲೆ ಪರಿಶೀಲನೆ ಅವಧಿ ಮೀರಿದೆ, ಹೊಸದಾಗಿ ಆರಂಭಿಸಿ. ಎರಡೂ ಕಡತಗಳ ಸಂಖ್ಯೆ ಇವು. ಅದಕ್ಕೂ ಅದೇ ಧನ್ಯವಾದದ ಉತ್ತರ ಬಂದಾಗ, ಅದೇ ಪತ್ರವನ್ನು ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಕೊಂಡೊಯ್ದೆವು. ಜನವರಿಯ ವಿನ್ನಿಪೆಗ್, ಮೈನಸ್ ಮೂವತ್ತರ ಚಳಿ. ಮತ ಹಾಕಲು ಹಕ್ಕಿಲ್ಲದವರಿಗೂ ಸಂಸದರ ಕಚೇರಿ ಸಹಾಯ ಮಾಡುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ನಮ್ಮ ಪರವಾಗಿ ವಿಚಾರಿಸಲು ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕು. ಅಲ್ಲಿದ್ದ ಸಹಾಯಕಿ ನಮ್ಮ ಕಾಗದ ಓದಿ, “ಏನು ಕೇಳಬೇಕೆಂದು ನೀವೇ ಬರೆದು ತಂದಿದ್ದೀರಲ್ಲ, ನನ್ನ ಅರ್ಧ ಕೆಲಸ ಮುಗಿಯಿತು,” ಎಂದರು. ಸಂಸದರ ಕಚೇರಿ ಸಾಲು ಮುರಿಸಲಾರದು. ಆದರೆ ಅವರ ಪ್ರಶ್ನೆಗೆ ಸಿದ್ಧ ಉತ್ತರ ಕಳಿಸಿ ಸುಮ್ಮನಾಗುವುದು ಸುಲಭವಲ್ಲ. ಯಾರಾದರೂ ಕಡತ ತೆರೆದು ನೋಡಬೇಕು.

ಇದಕ್ಕೂ ಮುಂದಿನ ಮೆಟ್ಟಿಲು ಫೆಡರಲ್ ನ್ಯಾಯಾಲಯ. ಅನವಶ್ಯಕವಾಗಿ ತಡ ಮಾಡಿದ ಇಲಾಖೆಗೆ ತೀರ್ಮಾನ ಕೈಗೊಳ್ಳಿ ಎಂದು ಆದೇಶಿಸುವಂತೆ ಕೋರುವ ಮ್ಯಾಂಡಮಸ್ ಅರ್ಜಿ. ಅರ್ಜಿಯ ಶುಲ್ಕ 50 ಡಾಲರ್ ಮಾತ್ರ. ವಕೀಲರ ಶುಲ್ಕದ ಮಾತು ಬೇರೆ. ಒಬ್ಬ ವಕೀಲರನ್ನು ಮಾತನಾಡಿಸಿಯೂ ಇದ್ದೆವು. ಅದರ ಅಗತ್ಯ ಬೀಳಲಿಲ್ಲ. ಮಾರ್ಚ್‌ನಲ್ಲಿ ಟ್ರ್ಯಾಕರಿನಲ್ಲಿ ನನ್ನ ಹಿನ್ನೆಲೆ ಪರಿಶೀಲನೆ ‘ಮುಗಿದಿದೆ’ ಎಂಬಲ್ಲಿಂದ ‘ನಡೆಯುತ್ತಿದೆ’ ಎಂಬಲ್ಲಿಗೆ ಹಿಂದೆ ಸರಿಯಿತು. ಹಿಂದೆ ಸರಿದದ್ದಕ್ಕೆ ಸಂತೋಷಪಟ್ಟವರು ನಾವೇ ಇರಬೇಕು. ಏಪ್ರಿಲ್ ಕೊನೆಗೆ ಇಬ್ಬರದೂ ಮುಗಿಯಿತು. ಸಂಸದರ ಕಚೇರಿಯಿಂದಲೇ ಆಯಿತು ಎಂದು ಎದೆತಟ್ಟಿ ಹೇಳಲಾರೆ, ಸರದಿಯೂ ಬಂದಿದ್ದಿರಬಹುದು.

ನಾವು ಕಾಯುತ್ತಿದ್ದಾಗ ಪ್ರಮಾಣವಚನವೇ ಎರಡು ಸಲ ಬದಲಾಯಿತು. ಅರ್ಜಿ ಹಾಕಿದಾಗ ಇದ್ದದ್ದು ರಾಣಿ ಎರಡನೇ ಎಲಿಜಬೆತ್ ಮತ್ತು ಅವರ ಉತ್ತರಾಧಿಕಾರಿಗಳಿಗೆ ನಿಷ್ಠೆಯ ಮಾತು. 2021ರ ಜೂನ್‌ನಲ್ಲಿ ಸಂಸತ್ತು ಅದಕ್ಕೆ ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂಬ ಮೂಲನಿವಾಸಿ ಜನರ ಹಕ್ಕುಗಳನ್ನೂ ಒಡಂಬಡಿಕೆಯ ಹಕ್ಕುಗಳನ್ನೂ ಎತ್ತಿಹಿಡಿಯುವ ಸಂವಿಧಾನವನ್ನು ಪಾಲಿಸುತ್ತೇನೆ ಎಂಬ ಮಾತು ಸೇರಿಸಿತು. ವಿನ್ನಿಪೆಗ್‌ನಲ್ಲಿ ಬಾಳುವವರಿಗೆ ಅದು ಬರೀ ಅಲಂಕಾರದ ಸಾಲಲ್ಲ. ಆ ಊರಿನ ಮೇಟಿ ಮತ್ತು ಫಸ್ಟ್ ನೇಷನ್ಸ್ ಜನ ನಮ್ಮ ಮಕ್ಕಳ ಸಹಪಾಠಿಗಳು. ಆಮೇಲೆ 2022ರ ಸೆಪ್ಟೆಂಬರ್ 8ರಂದು ರಾಣಿ ತೀರಿಕೊಂಡರು. ವಚನದಲ್ಲಿ ಮೂರನೇ ಚಾರ್ಲ್ಸ್ ಬಂದರು. ಮಗಳೂ ಬದಲಾಗಿದ್ದಳು. ಅರ್ಜಿ ಹಾಕಿದಾಗ ಅವಳಿಗೆ ಹನ್ನೆರಡು; ವಚನ ಹೇಳುವ ಅಗತ್ಯ ಇರಲಿಲ್ಲ. ಹದಿನಾಲ್ಕು ತುಂಬಿದವರು ತಾವೇ ಹೇಳಬೇಕು. ತಡವಾದದ್ದರಿಂದ ಅವಳು ನಮ್ಮ ಪಕ್ಕದಲ್ಲಿ ಕೈಯೆತ್ತಿ ನಿಲ್ಲುವಂತಾಯಿತು. ಫ್ರೆಂಚ್ ಭಾಗವನ್ನು ಸರಿಯಾಗಿ ಉಚ್ಚರಿಸಿದವಳು ನಮ್ಮಲ್ಲಿ ಅವಳೊಬ್ಬಳೇ.

ಸಮಾರಂಭ ಝೂಮ್‌ನಲ್ಲಿ. ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಗುರುತಿನ ಚೀಟಿ ಹಿಡಿದು, ಅಧಿಕಾರಿಯ ಕಣ್ಣೆದುರೇ ಪಿಆರ್ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಬೇಕು. ತಲಾ 50 ಡಾಲರ್ ಕೊಟ್ಟು ನವೀಕರಿಸಿದ್ದ ಕಾರ್ಡುಗಳು; ಹೊಳಪು ಕೂಡ ಮಾಸಿರಲಿಲ್ಲ. ಮಗ ತನಗೂ ಕತ್ತರಿಸಲು ಒಂದು ಕಾರ್ಡ್ ಬೇಕೆಂದು ಹಠ ಹಿಡಿದ. ಹಳೆಯ ಗ್ರಂಥಾಲಯದ ಕಾರ್ಡೊಂದನ್ನು ಕೊಟ್ಟೆವು. ಅಂದು ರಾತ್ರಿ ಹೆಂಡತಿ ಹೋಳಿಗೆ ಮಾಡಿದಳು. ಪಂಜಾಬಿ ಕುಟುಂಬಕ್ಕೂ ಕೊಟ್ಟೆವು, ಲಡ್ಡುವಿನ ಬಾಕಿ.

ಅಲ್ಲಿಗೆ ಮುಗಿಯಿತು ಎಂದು ತಿಳಿಯುವವರಿಗೆ ಭಾರತದ ಕಾನೂನು ನೆನಪಿಸಬೇಕು. 1955ರ ಪೌರತ್ವ ಕಾಯ್ದೆಯ 9ನೆಯ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನ್ನೂ ವರ್ಷಗಳು ಉಳಿದಿದ್ದರೂ ಅದನ್ನು ಬಳಸುವಂತಿಲ್ಲ. ಕೆನಡಾದ ಪಾಸ್‌ಪೋರ್ಟ್ ಮಾಡಿಸಬೇಕು, ಭಾರತದ್ದನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಓಸಿಐ ಅರ್ಜಿ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಕೊಡುವ ದಾಖಲೆಗೆ ಅರ್ಜಿ. ಈ ಮೂರೂ ಮುಗಿಯುವವರೆಗೆ ತವರಿಗೆ ಹೋಗಲು ವೀಸಾ ಬೇಕು. ನಮ್ಮ ಓಸಿಐ ಅರ್ಜಿಗಳು ಹೋದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಅದೇ ತಿಂಗಳು ಎರಡು ಸರ್ಕಾರಗಳ ನಡುವೆ ಜಗಳ ಹೊತ್ತಿಕೊಂಡು, 2023ರ ಸೆಪ್ಟೆಂಬರ್ 21ರಂದು ಭಾರತ ಕೆನಡಾದ ಪ್ರಜೆಗಳಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಓಸಿಐ ಇದ್ದವರಿಗೆ ಅಡ್ಡಿ ಇರಲಿಲ್ಲ. ನಮ್ಮ ಮನೆಯಲ್ಲಿ ಓಸಿಐ ಇದ್ದದ್ದು ಐದು ವರ್ಷದ ಮಗನ ಬಳಿ. ನವೆಂಬರ್ ಕೊನೆಗೆ ನಾದಿನಿಯ ಮದುವೆ. “ನಮ್ಮ ಕಡೆಯಿಂದ ಇವನನ್ನೇ ಧಾರೆಗೆ ಕಳಿಸೋಣ” ಎಂದು ಹೆಂಡತಿ ಹೇಳಿದಾಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಅಕ್ಟೋಬರ್ 26ರಿಂದ ಕೆಲವು ಬಗೆಯ ವೀಸಾಗಳನ್ನು ಮತ್ತೆ ಕೊಡತೊಡಗಿದರು. ನಾವು ಆ ಕಾಗದಗಳನ್ನು ಜೋಡಿಸುತ್ತಿರುವಾಗಲೇ ಓಸಿಐ ಪುಸ್ತಿಕೆಗಳು ಬಂದವು. ಮದುವೆಗೆ ಹೋದೆವು.

ಬೀಗರ ಔತಣ ಮುಗಿದ ಮರುದಿನ ಮಾವ ಆ ಪುಸ್ತಿಕೆಗಳನ್ನು ಕನ್ನಡಕ ಹಾಕಿಕೊಂಡು ತಿರುವಿ ನೋಡಿದರು. ಮತ ಹಾಕುವಂತಿಲ್ಲ ಎಂಬುದಕ್ಕೆ ಅವರಿಗೆ ಬೇಸರವಾಗಲಿಲ್ಲ. ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂದಾಗ ಮಾತ್ರ ಪುಸ್ತಿಕೆ ಕೆಳಗಿಟ್ಟರು. ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಎಂದು ವಿವರಿಸಿದೆ.

“ಹಾಗಾದರೆ ಉಯಿಲು ಬರೆಸಿಬಿಡುತ್ತೇನೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅದರಲ್ಲಿ ಇವಳ ಹೆಸರು ಯಾವುದನ್ನು ಬರೆಸಲಿ? ಅಂಕಪಟ್ಟಿಯದೋ, ಹಳೇ ಪಾಸ್‌ಪೋರ್ಟಿನದೋ, ಈ ಹೊಸದರದೋ?”

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: “ಎಲ್ಲವನ್ನೂ ಬರೆಸಿ ಅಪ್ಪ. ನಡುವೆ ಉರುಫ್ ಹಾಕಿಸಿ.”